ದಿವಾಣಿ, ಫೌಜದಾರಿ ಮತ್ತು ಊರಕಟ್ಟೆ: ಕಾನೂನು ನಡೆದುಬಂದ ದಾರಿ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ದೇವದುರ್ಗ ಅಥವಾ ಮಾನ್ವಿಯ ನ್ಯಾಯಾಲಯಕ್ಕೆ ತಾವು ಎಂದಾದರೂ ಹೋಗಿದ್ದರೆ ನ್ಯಾಯಾಧೀಶರ ಪದನಾಮವನ್ನು ಗಮನಿಸಿರಬಹುದು: ಸಿವಿಲ್ ನ್ಯಾಯಾಧೀಶರು ಮತ್ತು ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳು. ಪೀಠ ಒಂದೇ, ಕುಳಿತವರೂ ಒಬ್ಬರೇ. ಹುದ್ದೆಗಳು ಮಾತ್ರ ಎರಡು. ರಾಯಚೂರಿನಲ್ಲಿಯೂ ಹಾಗೆಯೇ. ಅಲ್ಲಿರುವುದು ಜಿಲ್ಲಾ ಮತ್ತು ಸತ್ರ ನ್ಯಾಯಾಲಯ. 'ಜಿಲ್ಲಾ' ಎಂಬುದು ಸಿವಿಲ್ ವ್ಯಾಜ್ಯಗಳಿಗೆ, 'ಸತ್ರ' ಎಂಬುದು ಅಪರಾಧ ಪ್ರಕರಣಗಳಿಗೆ ಸಂಬಂಧಿಸಿದ್ದು. ಒಬ್ಬರೇ ನ್ಯಾಯಾಧೀಶರು ಎರಡು ಬಗೆಯ ಪ್ರಕರಣಗಳನ್ನು ಎರಡು ಬೇರೆ ಕಾನೂನುಗಳ ಪ್ರಕಾರ ವಿಚಾರಿಸುತ್ತಾರೆ. ಒಂದನ್ನು ಇನ್ನೊಂದರೊಡನೆ ಬೆರೆಸುವುದಿಲ್ಲ.

ನಮ್ಮ ಊರಕಟ್ಟೆಗಳಲ್ಲಿ ನಡೆಯುವ ಪಂಚಾಯಿತಿಗಳಲ್ಲಿ ಈ ಎರಡೂ ಬೆರೆತುಹೋಗುತ್ತವೆ. ಅದರಿಂದ ಆಗುವ ಹಾನಿಯನ್ನು ಅರಿಯಬೇಕಾದರೆ ಈ ವಿಭಜನೆ ಹೇಗೆ ಬಂದಿತೆಂಬುದನ್ನು ಅರಿಯುವುದು ಅಗತ್ಯ.

1. ಕಲ್ಯಾಣದ ಮಿತಾಕ್ಷರ

ಕಾನೂನಿನ ಇತಿಹಾಸದಲ್ಲಿ ನಮ್ಮ ಭಾಗಕ್ಕೆ ದೊಡ್ಡ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ'ವೆಂಬ ವ್ಯಾಖ್ಯಾನವನ್ನು ರಚಿಸಿದನು. ಬಂಗಾಳ ಮತ್ತು ಅಸ್ಸಾಂಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ವಿಭಾಗಕ್ಕೆ ಮುಂದೆ ಇದೇ ಆಧಾರವಾಯಿತು.

ಪ್ರಾಚೀನ ಧರ್ಮಶಾಸ್ತ್ರಗಳು ವ್ಯಾಜ್ಯಗಳನ್ನು 18 ವ್ಯವಹಾರಪದಗಳಾಗಿ ಎಣಿಸಿದವು. ಸಾಲ, ಠೇವಣಿ, ಎಲ್ಲೆಕಟ್ಟಿನ ವಿವಾದ, ಕಳ್ಳತನ, ಹೊಡೆದಾಟ ಎಲ್ಲವೂ ಆ ಒಂದೇ ಪಟ್ಟಿಯಲ್ಲಿದ್ದವು. ಆದರೂ ಧನದಿಂದ ಹುಟ್ಟಿದ ವ್ಯಾಜ್ಯ ಬೇರೆ, ಹಿಂಸೆಯಿಂದ ಹುಟ್ಟಿದ ವ್ಯಾಜ್ಯ ಬೇರೆ ಎಂಬುದನ್ನು ಬೃಹಸ್ಪತಿ ಸ್ಮೃತಿಯು ಆಗಲೇ ಗುರುತಿಸಿತ್ತು.

ನಮಗೆ ಇನ್ನೂ ಮುಖ್ಯವಾದ ಅಂಶವೊಂದಿದೆ. ಯಾಜ್ಞವಲ್ಕ್ಯನು ಕುಲ, ಶ್ರೇಣಿ, ಪೂಗ, ಅರಸನು ನೇಮಿಸಿದ ಅಧಿಕಾರಿ ಎಂದು ವ್ಯಾಜ್ಯ ತೀರಿಸುವವರ ಶ್ರೇಣಿಯನ್ನು ಹೇಳುತ್ತಾನೆ. ಬೇರೆ ಬೇರೆ ಜಾತಿ, ಬೇರೆ ಬೇರೆ ಕಸುಬಿನವರಾಗಿದ್ದು ಒಂದೇ ಸ್ಥಳದಲ್ಲಿ ವಾಸಿಸುವವರ ಸಮೂಹವೇ ಪೂಗವೆಂದು ವಿಜ್ಞಾನೇಶ್ವರನು ವಿವರಿಸುತ್ತಾನೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಊರಸಭೆ. ಆ ಸಭೆಯ ತೀರ್ಮಾನವು ಕೊನೆಯದಾಗಿರಲಿಲ್ಲ; ಅದರ ಮೇಲೆ ಅರಸನ ಅಧಿಕಾರಿಯ ಸಭೆಯಿತ್ತು. ಅಂದರೆ ಸುಮಾರು 900 ವರ್ಷಗಳ ಹಿಂದೆಯೂ ಊರವರ ಮಾತೇ ಅಂತಿಮ ಎಂಬ ನಿಯಮವಿರಲಿಲ್ಲ.

ಆ ವ್ಯವಸ್ಥೆಯ ದೋಷವನ್ನೂ ಹೇಳಲೇಬೇಕು. ಒಂದೇ ತಪ್ಪಿಗೆ ಜಾತಿ ನೋಡಿ ದಂಡನೆ ಬದಲಾಗುತ್ತಿತ್ತು. ಸ್ತ್ರೀಯರ ಆಸ್ತಿ ಹಕ್ಕು ಬಹಳ ಸೀಮಿತವಾಗಿತ್ತು. ಇದನ್ನು ತಿದ್ದಲು ಸಂವಿಧಾನದ 14ನೇ ಅನುಚ್ಛೇದವೇ ಬರಬೇಕಾಯಿತು. ಆಸ್ತಿಯ ವಿಷಯದಲ್ಲಿ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಬಂದಿತು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಜಾರಿಯಾಯಿತು. 2005ರ ಕೇಂದ್ರ ತಿದ್ದುಪಡಿಯು ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕನ್ನು ನೀಡಿತು.

2. ದಿವಾನನ ಕಚೇರಿ, ಫೌಜದಾರನ ಕಚೇರಿ

ನಮ್ಮ ಹಿರಿಯರು ಇಂದಿಗೂ ಸಿವಿಲ್ ದಾವೆಗೆ 'ದಿವಾಣಿ' ಎಂದೂ ಕ್ರಿಮಿನಲ್ ಪ್ರಕರಣಕ್ಕೆ 'ಫೌಜದಾರಿ' ಎಂದೂ ಹೇಳುತ್ತಾರೆ. ಇವು ಮೊಘಲರ ಆಡಳಿತದಿಂದ ಬಂದ ಮಾತುಗಳು. ದಿವಾನನು ಕಂದಾಯ ಮತ್ತು ಹಣಕಾಸಿನ ಅಧಿಕಾರಿ. ಭೂಮಿ ಮತ್ತು ಹಣದ ವ್ಯಾಜ್ಯಗಳು ಅವನ ಕಡೆಗೆ ಸೇರಿದವು. ಫೌಜು ಎಂದರೆ ಸೈನ್ಯ. ಶಾಂತಿಪಾಲನೆ ಮತ್ತು ಅಪರಾಧ ನಿಗ್ರಹ ಫೌಜದಾರನ ಹೊಣೆಯಾಗಿತ್ತು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ದಿವಾನಿ ಅದಾಲತ್ತು ಮತ್ತು ಫೌಜದಾರಿ ಅದಾಲತ್ತುಗಳನ್ನು ಬೇರೆಬೇರೆಯಾಗಿ ಸ್ಥಾಪಿಸಿದಾಗ ಈ ಹೆಸರುಗಳನ್ನೇ ಉಳಿಸಿಕೊಂಡನು.

ಕೃಷ್ಣಾ–ತುಂಗಭದ್ರೆಯರ ನಡುವಿನ ನಮ್ಮ ಪ್ರದೇಶವು ಆಗ ನಿಜಾಮರ ಅಧೀನದಲ್ಲಿತ್ತು. 1853ರ ಒಪ್ಪಂದದಂತೆ ರಾಯಚೂರು ದೋ ಆಬ್ ಬ್ರಿಟಿಷರ ವಶಕ್ಕೆ ಹೋಗಿ 1860ರಲ್ಲಿ ಮರಳಿ ನಿಜಾಮರಿಗೆ ಬಂದಿತು. ಈ ವಿಭಜನೆಯ ಗುರುತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಡ್ಡಹೆಸರಾಗಿ ಉಳಿದಿದೆ. ನಿಜಾಮರ ಕಾಲದ ಊರಲ್ಲಿ ಕಂದಾಯ ವಸೂಲಿಗೆ ಮಾಲಿ ಪಾಟೀಲ, ಅಪರಾಧದ ವರದಿ ಮತ್ತು ಶಾಂತಿಪಾಲನೆಗೆ ಪೊಲೀಸ್ ಪಾಟೀಲ, ಲೆಕ್ಕಪತ್ರಕ್ಕೆ ಪಟವಾರಿ ಇರುತ್ತಿದ್ದರು. ಊರಿನ ಮಟ್ಟದಲ್ಲಿಯೂ ಜಮೀನಿನ ಕೆಲಸ ಮತ್ತು ಅಪರಾಧದ ಕೆಲಸ ಎರಡು ಕೈಗಳಲ್ಲಿದ್ದವು.

ತಾಲೂಕು ಮತ್ತು ಜಿಲ್ಲೆಯ ಮಟ್ಟದಲ್ಲಿ ಮಾತ್ರ ಕಂದಾಯ ಅಧಿಕಾರಿಗಳೇ ನ್ಯಾಯವನ್ನೂ ತೀರ್ಮಾನಿಸುವ ಪದ್ಧತಿಯಿತ್ತು. 1921ರಲ್ಲಿ ಹೈದರಾಬಾದ್ ಸಂಸ್ಥಾನವು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿತು. ತೆರಿಗೆ ವಸೂಲು ಮಾಡುವವನೇ ತೀರ್ಪು ಕೊಡಬಾರದೆಂಬ ತತ್ವವು ಹೀಗೆ ನಮ್ಮ ಜಿಲ್ಲೆಗೆ ಬಂದಿತು. ಸಂವಿಧಾನದ 50ನೇ ಅನುಚ್ಛೇದವು ಇದನ್ನೇ ರಾಜ್ಯದ ಕರ್ತವ್ಯವೆಂದು ಹೇಳಿದೆ.

3. 1951ರ ಏಪ್ರಿಲ್ 1

ಬ್ರಿಟಿಷ್ ಭಾರತದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯು 1859ರಲ್ಲಿ, ದಂಡ ಸಂಹಿತೆಯು 1860ರಲ್ಲಿ, ದಂಡ ಪ್ರಕ್ರಿಯಾ ಸಂಹಿತೆಯು 1861ರಲ್ಲಿ ರಚನೆಯಾದವು. ಹೈದರಾಬಾದ್ ಸಂಸ್ಥಾನವು ತನ್ನದೇ ಕಾನೂನುಗಳನ್ನು ಹೊಂದಿತ್ತು. ನ್ಯಾಯಾಲಯದ ಭಾಷೆ ಉರ್ದುವಾಗಿತ್ತು. ಸೆಪ್ಟೆಂಬರ್ 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ತರುವಾಯ, ಸಂಸತ್ತಿನ 1951ರ ಕಾಯ್ದೆಗಳ ಮೂಲಕ ದಂಡ ಸಂಹಿತೆ, ಸಾಕ್ಷ್ಯ ಅಧಿನಿಯಮ ಮತ್ತು ಎರಡೂ ಪ್ರಕ್ರಿಯಾ ಸಂಹಿತೆಗಳು 1951ರ ಏಪ್ರಿಲ್ 1ರಿಂದ ಇಲ್ಲಿಗೂ ಅನ್ವಯವಾದವು. ಐದು ವರ್ಷಗಳ ನಂತರ, 1956ರ ನವೆಂಬರ್ 1ರಂದು, ರಾಯಚೂರು ಜಿಲ್ಲೆಯು ಅಂದಿನ ಮೈಸೂರು ರಾಜ್ಯವನ್ನು ಸೇರಿತು.

ಅಪರಾಧ ಕಾನೂನು ಈಚೆಗೆ ಮತ್ತೆ ಬದಲಾಗಿದೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ 2023 ಜಾರಿಯಲ್ಲಿವೆ. ಸಿವಿಲ್ ವ್ಯಾಜ್ಯಗಳಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಮುಂದುವರಿದಿದೆ.

4. ಎರಡರ ವ್ಯತ್ಯಾಸ

ಸಿವಿಲ್ ವ್ಯಾಜ್ಯವು ಇಬ್ಬರ ನಡುವಿನ ಹಕ್ಕಿನ ಪ್ರಶ್ನೆ. ಅಲ್ಲಿ ವಾದಿ ಮತ್ತು ಪ್ರತಿವಾದಿ ಇರುತ್ತಾರೆ. ಯಾರ ಪಕ್ಷದ ಸಾಕ್ಷ್ಯವು ಹೆಚ್ಚು ತೂಗುತ್ತದೆಯೋ ಅವರ ಪರವಾಗಿ ಡಿಕ್ರಿಯಾಗುತ್ತದೆ. ಉಭಯತರು ಮನಸಾರೆ ಒಪ್ಪಿದರೆ ರಾಜಿಗೆ ಅಡ್ಡಿಯಿಲ್ಲ.

ಅಪರಾಧವು ಒಬ್ಬ ವ್ಯಕ್ತಿಗೆ ಮಾತ್ರವಲ್ಲ, ಇಡೀ ಸಮಾಜಕ್ಕೆ ಬಗೆದ ಕೇಡು. ಆದ್ದರಿಂದಲೇ ಪೊಲೀಸರು ದಾಖಲಿಸಿದ ಪ್ರಕರಣವನ್ನು ಸರ್ಕಾರವೇ ನಡೆಸುತ್ತದೆ. ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾದರೆ ಮಾತ್ರ ಶಿಕ್ಷೆ. ಯಾವ ಅಪರಾಧಗಳಲ್ಲಿ ರಾಜಿಯಾಗಬಹುದೆಂಬ ಪಟ್ಟಿಯು ನಾಗರಿಕ ಸುರಕ್ಷಾ ಸಂಹಿತೆಯ 359ನೇ ಪ್ರಕರಣದಲ್ಲಿದೆ. ಕೆಲವಕ್ಕೆ ನೊಂದವರ ಒಪ್ಪಿಗೆ ಸಾಕು, ಕೆಲವಕ್ಕೆ ನ್ಯಾಯಾಲಯದ ಅನುಮತಿ ಬೇಕು. ಪಟ್ಟಿಯಲ್ಲಿಲ್ಲದವುಗಳಿಗೆ ಆ ಪ್ರಕರಣದಡಿ ರಾಜಿಯಿಲ್ಲ. ಕೊಲೆ, ಅತ್ಯಾಚಾರ, ದರೋಡೆಯಂತಹ ಘೋರ ಅಪರಾಧಗಳನ್ನು ಉಭಯತರು ರಾಜಿಯಾದರೆಂಬ ಕಾರಣಕ್ಕೆ ರದ್ದುಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ, ಗ್ಯಾನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

5. ನಾನು ಸಾಕ್ಷಿ ಹಾಕಿದ ಒಂದು ಕಾಗದ

ನಾನು ಓದಿದ್ದು ಇಂಜಿನಿಯರಿಂಗ್. ಸೇವೆಗೆ ಸೇರಿದ ಹೊಸದರಲ್ಲಿ ಊರೊಂದರಲ್ಲಿ ಅಣ್ಣತಮ್ಮಂದಿರ ನಡುವೆ ಮನೆಯಂಗಳದ ಮೂರು ಅಡಿ ಜಾಗಕ್ಕಾಗಿ ಜಗಳವಾಯಿತು. ಜಗಳದಲ್ಲಿ ತಮ್ಮನ ಹೆಂಡತಿಯ ಬಲಗೈ ಮೂಳೆ ಮುರಿಯಿತು. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡಿದರು. ನನಗೆ ಅಳೆಯುವ ವಿದ್ಯೆ ಬರುತ್ತಿದ್ದುದರಿಂದ ಟೇಪು ಹಿಡಿದು ಜಾಗ ಅಳೆದುಕೊಟ್ಟೆ. ಅಣ್ಣನು ಮೂರು ಅಡಿ ಬಿಟ್ಟುಕೊಡಬೇಕು, ತಮ್ಮನ ಹೆಂಡತಿ ಠಾಣೆಗೆ ಹೋಗಬಾರದು ಎಂದು ಕಾಗದವಾಯಿತು. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಯುತ್ತದೆಂದು ಆಕೆಯನ್ನು ಮೂಳೆ ಕಟ್ಟುವವರ ಬಳಿಗೆ ಕಳುಹಿಸಿದರು. ಆ ಕಾಗದಕ್ಕೆ ಸಾಕ್ಷಿಯಾಗಿ ನಾನೂ ಸಹಿ ಹಾಕಿದೆ. ಊರು ಶಾಂತವಾಯಿತೆಂದು ಸಮಾಧಾನಪಟ್ಟೆ.

ಮುಂದಿನ ವರ್ಷ ಅಣ್ಣನು ಅದೇ ಮೂರು ಅಡಿಯ ಮೇಲೆ ಗೋಡೆ ಎಬ್ಬಿಸಿದನು. ತಮ್ಮನು ಆ ಕಾಗದವನ್ನು ವಕೀಲರಿಗೆ ತೋರಿಸಿದಾಗ ಅದು ನಿಲ್ಲುವುದಿಲ್ಲವೆಂದು ತಿಳಿಯಿತು. ರೂ. 100 ಅಥವಾ ಅದಕ್ಕಿಂತ ಹೆಚ್ಚು ಮೌಲ್ಯದ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರವು 1908ರ ನೋಂದಣಿ ಅಧಿನಿಯಮದಂತೆ ನೋಂದಣಿಯಾಗಬೇಕು, ನಮ್ಮದು ನೋಂದಣಿಯಾಗಿರಲಿಲ್ಲ. ಮೊಕದ್ದಮೆ ಕೈಬಿಡುವುದಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡುವ ಕರಾರು ಅನೂರ್ಜಿತವೆಂದು 1872ರ ಕರಾರು ಅಧಿನಿಯಮದ 23ನೇ ಪ್ರಕರಣವು ಸುಲಿಗೆಯ ಉದಾಹರಣೆ ಕೊಟ್ಟೇ ತಿಳಿಸುತ್ತದೆ. ಮೂಳೆ ಮುರಿಯುವಂತಹ ತೀವ್ರ ಗಾಯದ ಪ್ರಕರಣದಲ್ಲಿ ರಾಜಿಗೆ ಅವಕಾಶವಿದ್ದರೂ ಅದು ನ್ಯಾಯಾಲಯದ ಅನುಮತಿಯಿಂದ ಮಾತ್ರ. ಗುಡಿಯ ಕಟ್ಟೆಯ ಮೇಲಲ್ಲ. ಫಿರ್ಯಾದು ಕೊಡಲು ಆಗಲೂ ಆಕೆಗೆ ಕಾನೂನಿನ ಅಡ್ಡಿಯಿರಲಿಲ್ಲ. ಆದರೆ ಗಾಯದ ಪ್ರಮಾಣಪತ್ರವಿಲ್ಲ, ಕ್ಷ-ಕಿರಣದ ಚಿತ್ರವಿಲ್ಲ, ಕಂಡವರು ಬಾಯಿ ಬಿಡುವುದಿಲ್ಲ.

ಜಾಗವೂ ಹೋಯಿತು, ನ್ಯಾಯವೂ ಹೋಯಿತು. ಮೂಳೆ ಸೊಟ್ಟಗೆ ಕೂಡಿದ್ದರಿಂದ ಆ ಕೈಯಿಂದ ಆಕೆಗೆ ರೊಟ್ಟಿ ಬಡಿಯಲು ಆಗುವುದಿಲ್ಲ. ನನ್ನ ಅಳತೆ ಸರಿಯಾಗಿಯೇ ಇತ್ತು; ತಪ್ಪಾದದ್ದು ಹಕ್ಕನ್ನೂ ಗಾಯವನ್ನೂ ಒಂದೇ ತಕ್ಕಡಿಯಲ್ಲಿಟ್ಟು ವಿನಿಮಯ ಮಾಡಿದ್ದರಲ್ಲಿ.

6. ಇಂದು ಪಂಚಾಯತಿಯ ಅಧಿಕಾರವೇನು?

ಕರ್ನಾಟಕದ 1983ರ ಕಾಯ್ದೆಯ ಹೆಸರಿನಲ್ಲಿಯೇ ಜಿಲ್ಲಾ ಪರಿಷತ್ತು, ತಾಲೂಕು ಪಂಚಾಯತಿ ಸಮಿತಿ, ಮಂಡಲ ಪಂಚಾಯತಿಗಳ ಜೊತೆಗೆ 'ನ್ಯಾಯ ಪಂಚಾಯತಿ'ಯೂ ಇತ್ತು. 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಅದಿಲ್ಲ. ಸಂವಿಧಾನದ 11ನೇ ಅನುಸೂಚಿಯು ಪಂಚಾಯತಿಗಳಿಗಾಗಿ ಪಟ್ಟಿ ಮಾಡಿರುವ 29 ವಿಷಯಗಳಲ್ಲಿ ನ್ಯಾಯದಾನವಿಲ್ಲ. ನಮ್ಮ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯು ದುರ್ಬಲ ವರ್ಗಗಳ ಅಭ್ಯುದಯಕ್ಕಾಗಿ ಇರುವ ಸಮಿತಿ. ಹೆಸರಿನಲ್ಲಿ 'ನ್ಯಾಯ' ಇದ್ದ ಮಾತ್ರಕ್ಕೆ ಅದು ನ್ಯಾಯಾಲಯವಲ್ಲ. ಕಟ್ಟೆ ಪಂಚಾಯಿತಿಗಳು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ.

ಆದರೆ ಸದಸ್ಯರಿಗೆ ತೀರ್ಪಿನ ಅಧಿಕಾರವಿಲ್ಲವೆಂದರೆ ಕರ್ತವ್ಯವೂ ಇಲ್ಲವೆಂದಲ್ಲ. ಪಾರಂಪರಿಕ ಗ್ರಾಮಾಧಿಕಾರಗಳು 1961ರ ಕಾಯ್ದೆಯಿಂದ ರದ್ದಾದವು. ಅಂದಿನ ಪೊಲೀಸ್ ಪಾಟೀಲರ ವರದಿ ಮಾಡುವ ಹೊಣೆಯನ್ನು ಹೋಲುವ ಕರ್ತವ್ಯವನ್ನು ಇಂದು ನಾಗರಿಕ ಸುರಕ್ಷಾ ಸಂಹಿತೆಯ 34ನೇ ಪ್ರಕರಣವು ಚುನಾಯಿತರ ಮೇಲೆಯೇ ಇರಿಸಿದೆ. ಗ್ರಾಮದ ವ್ಯವಹಾರಗಳಿಗೆ ಸಂಬಂಧಿಸಿದ ಅಧಿಕಾರಿ ಎಂಬುದರಲ್ಲಿ 'ಗ್ರಾಮದ ಪಂಚಾಯತಿಯ ಸದಸ್ಯ'ನೂ ಸೇರುತ್ತಾನೆ. ಊರಿನಲ್ಲಿ ಅಥವಾ ಊರ ಸಮೀಪ ಜಾಮೀನುರಹಿತ ಅಪರಾಧ ನಡೆದರೆ, ನಡೆಸುವ ಉದ್ದೇಶ ತಿಳಿದುಬಂದರೆ, ಸಂಶಯಾಸ್ಪದ ಸಾವು ಸಂಭವಿಸಿದರೆ, ತಮಗಿರುವ ಮಾಹಿತಿಯನ್ನು ಕೂಡಲೇ ಹತ್ತಿರದ ದಂಡಾಧಿಕಾರಿಗೆ ಅಥವಾ ಠಾಣಾಧಿಕಾರಿಗೆ ತಿಳಿಸಬೇಕು.

ಆದ್ದರಿಂದ ತಮ್ಮ ಬಳಿಗೆ ವ್ಯಾಜ್ಯ ಬಂದಾಗ ಈ ಕ್ರಮವನ್ನು ಅನುಸರಿಸಬೇಕೆಂದು ಕೋರುತ್ತೇನೆ.

(ಅ) ಮೊದಲು ಗಾಯ, ಆಮೇಲೆ ಜಾಗ. ರಕ್ತ ಬಂದಿದ್ದರೆ, ಮೂಳೆ ಮುರಿದಿದ್ದರೆ ಸರ್ಕಾರಿ ಆಸ್ಪತ್ರೆಗೆ ಕಳುಹಿಸಿರಿ. ದಾಖಲೆ ಅಲ್ಲಿಯೇ ಆಗುತ್ತದೆ. ತುರ್ತು ಸಂಖ್ಯೆ 112. ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ಕೊಡಬಹುದು. ದಾಖಲಾದ ಮಾಹಿತಿಯ ಪ್ರತಿಯು ಉಚಿತ.

(ಆ) ಮಕ್ಕಳ ಮೇಲಿನ ಲೈಂಗಿಕ ಅಪರಾಧದಲ್ಲಿ ಕಟ್ಟೆಯ ಮಾತೇ ಬೇಡ. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸದಿರುವುದೇ ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181.

(ಇ) ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕುಟುಂಬಕ್ಕೆ ಬಹಿಷ್ಕಾರ ಹಾಕುವುದು ಮತ್ತು ಹಾಕುವೆವೆಂದು ಬೆದರಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಂತಹ ಸಭೆಯಲ್ಲಿ ಸದಸ್ಯರು ಕೂಡಬಾರದು.

(ಈ) ಬದು, ಪಾಲು, ಸಾಲ ಮೊದಲಾದ ಸಿವಿಲ್ ವಿಷಯಗಳಲ್ಲಿ ಉಭಯತರನ್ನು ಕೂಡಿಸಿ ಮಾತನಾಡಿಸಬಹುದು. ಒಪ್ಪಿದರೆ ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿಗೆ ಒಯ್ಯಿರಿ. ಅಲ್ಲಿನ ರಾಜಿಗೆ ಡಿಕ್ರಿಯ ಬಲವಿದೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವುಂಟು. ಸಹಾಯವಾಣಿ 15100.

(ಉ) ಪಂಚಾಯತಿಯ ಲೆಟರ್‌ಹೆಡ್ಡಿನಲ್ಲಿ ಜಾಗದ ಒಡೆತನವನ್ನು ತೀರ್ಮಾನಿಸಿ ಬರೆದುಕೊಡಬಾರದು. ನಮೂನೆ 9 ಮತ್ತು 11 ನಮ್ಮ ದಾಖಲೆಗಳೇ ಹೊರತು ಒಡೆತನದ ತೀರ್ಪುಗಳಲ್ಲ. ಒಡೆತನದ ವಿವಾದವನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ.

7. ಚರ್ಚೆಗಾಗಿ

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಮೂರು ಸನ್ನಿವೇಶಗಳನ್ನು ಚರ್ಚಿಸಬೇಕೆಂದು ವಿನಂತಿ. ಒಂದು: ಕಾಲುವೆಯ ಕೊನೆಯ ಭಾಗದ ಇಬ್ಬರು ರೈತರು ನೀರಿಗಾಗಿ ಜಗಳವಾಡಿ ಒಬ್ಬನ ತಲೆ ಒಡೆದಿದೆ. ಎರಡು: ಮಗಳು ತವರಿನ ಹೊಲದಲ್ಲಿ ಪಾಲು ಕೇಳಿದ್ದಕ್ಕೆ ಅಣ್ಣಂದಿರು ಮಾತು ಬಿಟ್ಟಿದ್ದಾರೆ. ಮೂರು: ಬಾಲಕಿಯೊಬ್ಬಳ ಮೇಲೆ ದೌರ್ಜನ್ಯವೆಸಗಿದವನು ಅವಳನ್ನೇ ಮದುವೆಯಾಗುವೆನೆಂದು ಹಿರಿಯರ ಮುಂದೆ ಒಪ್ಪಿದ್ದಾನೆ. ಪ್ರತಿಯೊಂದರಲ್ಲಿಯೂ ದಿವಾಣಿ ಯಾವುದು, ಫೌಜದಾರಿ ಯಾವುದು, ಸದಸ್ಯರ ಮೊದಲ ಹೆಜ್ಜೆ ಯಾವುದು ಎಂಬುದನ್ನು ನಡಾವಳಿಯಲ್ಲಿ ಬರೆದಿಡೋಣ.

ಊರಿನ ಶಾಂತಿ ನಮ್ಮೆಲ್ಲರ ಹೊಣೆ, ನಿಜ. ಆದರೆ ನೊಂದವರನ್ನು ಸುಮ್ಮನಾಗಿಸಿ ತಂದ ಶಾಂತಿಯು ಬಾಳುವುದಿಲ್ಲ. ಅದರ ಬೆಲೆಯನ್ನು ಕಟ್ಟೆಯ ಮೇಲೆ ಕುಳಿತವರು ತೆರುವುದೂ ಇಲ್ಲ.