ಚಂಡಮಾರುತದ ಸುದ್ದಿ ಬಂದಾಗ ನಾವು ಏನು ಮಾಡಬೇಕು?



"ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ" ಅಂತ ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಸುದ್ದಿ ಬರುತ್ತದೆ. "ಸಮುದ್ರ ಎಲ್ಲೋ, ನಮ್ಮ ಚಿತ್ರದುರ್ಗ ಎಲ್ಲೋ" ಎಂದು ನಾವು ಸುಮ್ಮನಾಗುತ್ತೇವೆ. ಕೆಲವು ವರ್ಷಗಳ ಹಿಂದೆ ಹೊಸದುರ್ಗದ ಕಡೆಯ ಒಂದು ಸಂಘದ ಸಭೆಯಲ್ಲಿ ನಾವೂ ಹೀಗೇ ಹೇಳಿ ಬಂದಿದ್ದೆವು. ಅದು ರಾಗಿ ಕೊಯ್ಲಿನ ಕಾಲ. ಆಮೇಲೆ ಮೂರು ದಿನ ಜಡಿಮಳೆ ಹಿಡಿಯಿತು. ಕೊಯ್ದು ಹೊಲದಲ್ಲೇ ಹಾಕಿದ್ದ ರಾಗಿ ತೆನೆಯಲ್ಲೇ ಮೊಳಕೆ ಬಂತು. ಮುಂದಿನ ತಿಂಗಳು ಸಾಲದ ಕಂತು ಕಟ್ಟಲಾಗದೆ ಇಬ್ಬರು ಸದಸ್ಯೆಯರು ತಲೆ ತಗ್ಗಿಸಿ ಕುಳಿತಿದ್ದರು. ಸುದ್ದಿ ಮೊದಲೇ ಬಂದಿತ್ತು. ಅದು ನಮ್ಮ ಸುದ್ದಿ ಅಂತ ನಮಗೆ ತಿಳಿಯಲಿಲ್ಲ, ಅಷ್ಟೇ. ಆದ್ದರಿಂದ ಈ ತಿಂಗಳು ಈ ಪಾಠವನ್ನು ಓದಿ ಚರ್ಚಿಸೋಣ.

ನಮಗೆ ಬರುವುದು ಗಾಳಿಯಲ್ಲ, ಮಳೆ

ಸಮುದ್ರದ ಬೆಚ್ಚಗಿನ ನೀರು ಆವಿಯಾಗಿ ಮೇಲೇಳುವಾಗ ಅಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಸುತ್ತಲಿನ ಗಾಳಿ ಸುಳಿಯಂತೆ ತಿರುಗುತ್ತಾ ಆ ಜಾಗಕ್ಕೆ ನುಗ್ಗುತ್ತದೆ. ಇದೇ ವಾಯುಭಾರ ಕುಸಿತ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಅದನ್ನು ಚಂಡಮಾರುತ ಎನ್ನುತ್ತಾರೆ, ಅದಕ್ಕೊಂದು ಹೆಸರಿಡುತ್ತಾರೆ. ನಮ್ಮ ಕಡೆಯ ಸಮುದ್ರಗಳಲ್ಲಿ ಇವು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಏಳುತ್ತವೆ. ನಮ್ಮ ಹಿರಿಯರು ಸ್ವಾತಿ, ವಿಶಾಖ ಮಳೆ ಎನ್ನುವ ಕಾಲವೂ ಇದರೊಳಗೇ ಬರುತ್ತದೆ.

ನೆಲಕ್ಕೆ ಬಂದ ಮೇಲೆ ಚಂಡಮಾರುತಕ್ಕೆ ಸಮುದ್ರದ ಆವಿ ಸಿಗುವುದಿಲ್ಲ, ಗಾಳಿ ಸೊರಗುತ್ತದೆ. ಆದರೆ ಮೋಡಗಳು ಒಳನಾಡಿಗೆ ಸಾಗುತ್ತವೆ. 2024ರ ನವೆಂಬರ್ 30ರ ರಾತ್ರಿ 'ಫೆಂಗಲ್' ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತು. ಅದು ದುರ್ಬಲವಾದ ಮೇಲೂ, ಸಮುದ್ರದಿಂದ ನೂರು ಕಿ.ಮೀ.ಗೂ ದೂರ ಇರುವ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಒಂದೇ ದಿನ ಸುಮಾರು 50 ಸೆಂ.ಮೀ. ಮಳೆ ಸುರಿಯಿತು. ಅಕ್ಕಂದಿರೇ, ನಮ್ಮ ಜಿಲ್ಲೆಯಲ್ಲಿ ಇಡೀ ವರ್ಷ ಬೀಳುವ ಮಳೆಯೇ 60 ಸೆಂ.ಮೀ.ಗಿಂತ ಕಡಿಮೆ! ಅದೇ ಮೋಡಗಳು ದಕ್ಷಿಣ ಒಳನಾಡು ಕರ್ನಾಟಕಕ್ಕೂ ಮಳೆ ತಂದು ಅರಬ್ಬೀ ಸಮುದ್ರದ ಕಡೆಗೆ ಹೋದವು.

"ನಮ್ಮದು ಬರದ ಜಿಲ್ಲೆ" ಎಂಬ ಧೈರ್ಯವೂ ಬೇಡ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಕೋಡಿ ಬೀಳಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬಿತ್ತು. ಅದು ಚಂಡಮಾರುತದ ಮಳೆಯಲ್ಲ, ಮುಂಗಾರು ಮಳೆ. ಆದರೂ, ಎಂದೂ ನೀರು ಬಾರದ ಜಾಗಕ್ಕೂ ಒಂದು ದಿನ ನೀರು ಬರಬಹುದು ಅಂತ ಅದು ನಮಗೆ ತೋರಿಸಿತು.

ಸುದ್ದಿಯನ್ನು ಓದುವುದು ಹೇಗೆ?

ಭಾರತೀಯ ಹವಾಮಾನ ಇಲಾಖೆ ಕರಾವಳಿಗೆ 72 ಗಂಟೆ, 48 ಗಂಟೆ, 24 ಗಂಟೆ ಮೊದಲು ಹಂತಹಂತವಾಗಿ ಮುನ್ಸೂಚನೆ ಕೊಡುತ್ತದೆ. ದಡ ಮುಟ್ಟುವ ಕನಿಷ್ಠ 12 ಗಂಟೆ ಮೊದಲು ನಾಲ್ಕನೆಯದೊಂದನ್ನು ಕೊಡುತ್ತದೆ. ಚಂಡಮಾರುತ ನೆಲಕ್ಕೆ ಬಂದ ಮೇಲೆ ಯಾವ ಕಡೆ ಸಾಗುತ್ತದೆ, ಒಳನಾಡಿನ ಯಾವ ಜಿಲ್ಲೆಗಳಿಗೆ ತೊಂದರೆ ಎಂಬುದು ಅದರಲ್ಲಿ ಇರುತ್ತದೆ. ಅದು ನಮ್ಮಂಥವರಿಗೇ ಇರುವ ಸುದ್ದಿ.

ಜಿಲ್ಲೆಗೆ ಬಣ್ಣದ ಎಚ್ಚರಿಕೆಯನ್ನೂ ಕೊಡುತ್ತಾರೆ. ಒಂದು ದಿನದ ಮಳೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಹೀಗೆ ತಿಳಿಯಬಹುದು:

ಹಳದಿ: 7ರಿಂದ 11 ಸೆಂ.ಮೀ. ಗಮನ ಇಡಿ.
ಕಿತ್ತಳೆ: 12ರಿಂದ 20 ಸೆಂ.ಮೀ. ಸಿದ್ಧರಾಗಿ.
ಕೆಂಪು: 20 ಸೆಂ.ಮೀ.ಗಿಂತ ಹೆಚ್ಚು. ಕೂಡಲೇ ಕೆಲಸಕ್ಕೆ ಇಳಿಯಿರಿ.

ಚಿತ್ರದುರ್ಗ ಆಕಾಶವಾಣಿ ಮತ್ತು ದಿನಪತ್ರಿಕೆಯಲ್ಲಿ ಇದು ತಿಳಿಯುತ್ತದೆ. ಮೊಬೈಲ್ ಇದ್ದವರು ಹವಾಮಾನ ಇಲಾಖೆಯ 'ಮೇಘದೂತ', ಸಿಡಿಲಿಗೆ 'ದಾಮಿನಿ' ಹಾಕಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಹಳೇ ವಿಡಿಯೋ ನಂಬಬೇಡಿ, ಬೇರೆಯವರಿಗೆ ಕಳಿಸಲೂ ಬೇಡಿ.

ಮೊದಲು ಗೋಡೆ ನೋಡಿ

ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಇವೆ. ಜೀವಕ್ಕೆ ಹೆಚ್ಚಿನ ಅಪಾಯ ಇರುವುದು ಇಲ್ಲೇ. ಜಿಟಿಜಿಟಿ ಮಳೆಗೆ ಗೋಡೆ ನಿಧಾನವಾಗಿ ನೀರು ಕುಡಿದು ಭಾರವಾಗುತ್ತದೆ, ರಾತ್ರಿ ಮಲಗಿದ್ದಾಗ ಕುಸಿಯುತ್ತದೆ. ಮಳೆ ನಿಂತ ಮಾರನೇ ದಿನವೂ ಬೀಳಬಹುದು. ಹೊಸ ಬಿರುಕು, ಹೊಟ್ಟೆ ಬಿಟ್ಟ ಗೋಡೆ, ಉದುರುವ ಮಣ್ಣು, ಇದ್ದಕ್ಕಿದ್ದಂತೆ ಹಾಕಲು ಬಾರದ ಬಾಗಿಲು: ಇವು ಗುರುತು. ಇವುಗಳಲ್ಲಿ ಒಂದು ಕಂಡರೂ ಆ ಮನೆಯಲ್ಲಿ ಮಲಗಬೇಡಿ. ಶಾಲೆ, ಸಮುದಾಯ ಭವನ, ನೆಂಟರ ಗಟ್ಟಿ ಮನೆಗೆ ಹೋಗಿ. ದನಕರುಗಳನ್ನು ಹಳೇ ಗೋಡೆಯ ಪಕ್ಕ, ಮರದ ಕೆಳಗೆ ಕಟ್ಟಬೇಡಿ.

ಬಂಡೆಯ ಮೇಲಿನ ಮನೆ, ಮರಳಿನ ಮೇಲಿನ ಮನೆ ಎಂದು ಯೇಸುಸ್ವಾಮಿ ಒಂದು ಸಾಮತಿ ಹೇಳಿದರು. ಗಟ್ಟಿ ಮನೆ ಕಟ್ಟಿಕೊಳ್ಳಲು ಎಲ್ಲರಿಗೂ ಶಕ್ತಿ ಇರುವುದಿಲ್ಲ. ಅಂಥವರಿಗೆ ಸಂಘವೇ ಬಂಡೆ ಆಗಬೇಕು.

ಆಮೇಲೆ ಬೆಳೆ

ಮಳೆ ಸುದ್ದಿ ಇದ್ದರೆ ಕೊಯ್ಲನ್ನು ಮುಂದೂಡಿ. ಕೊಯ್ದದ್ದು ಇದ್ದರೆ ಎತ್ತರದ ಜಾಗಕ್ಕೆ ಸಾಗಿಸಿ ಟಾರ್ಪಾಲು ಹೊದಿಸಿ. ಈರುಳ್ಳಿಗೆ ಕೆಳಗೂ ಪಕ್ಕಕ್ಕೂ ಗಾಳಿ ಆಡಬೇಕು, ಬಿಗಿಯಾಗಿ ಮುಚ್ಚಿದರೆ ಕೊಳೆಯುತ್ತದೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಒಳಗೆ ತನ್ನಿ. ನೆನೆದು ಬೂಸ್ಟು ಹಿಡಿದ ಶೇಂಗಾ ವಿಷ, ಮಕ್ಕಳಿಗೂ ಬೇಡ, ದನಗಳಿಗೂ ಬೇಡ.

ಮನೆಯಲ್ಲಿ ಮೂರು ದಿನಕ್ಕೆ ಹಿಟ್ಟು, ಒಣ ಸೌದೆ, ಬ್ಯಾಟರಿ, ಬೆಂಕಿಪೊಟ್ಟಣ, ದಿನಾ ತಿನ್ನುವ ಮಾತ್ರೆ ಇರಲಿ. ಆಧಾರ್, ರೇಷನ್ ಕಾರ್ಡ್, ಪಹಣಿ, ಪಾಸ್‌ಬುಕ್ ಮತ್ತು ಸಂಘದ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ನೀರು ಕುದಿಸಿ ಕುಡಿಯಿರಿ. ತುಂಬಿ ಹರಿಯುವ ಹಳ್ಳ, ಕೆರೆ ಕೋಡಿ ದಾಟಲು ಹೋಗಬೇಡಿ. ಹರಿದ ವಿದ್ಯುತ್ ತಂತಿ ಮುಟ್ಟದೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಜಿಲ್ಲಾ ವಿಕೋಪ ಸಹಾಯವಾಣಿ 1077, ತುರ್ತಿಗೆ 112.

ನಷ್ಟವಾದರೆ

ಬೆಳೆ ವಿಮೆ ಕಟ್ಟಿದ್ದವರು 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲಿ ಒಣಗಲು ಹಾಕಿದ ಬೆಳೆ 14 ದಿನದೊಳಗೆ ಚಂಡಮಾರುತದ ಮಳೆಗೆ ಹಾಳಾದರೂ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರಕ್ಕೆ ಅವಕಾಶ ಉಂಟು. ಇದು ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಬೆಳೆಗೆ ಇದು ಸಿಗುತ್ತದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಈಗಲೇ ಕೇಳಿಡಿ. ಮನೆ ಬಿದ್ದರೆ ಫೋಟೋ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ಬರಹದಲ್ಲಿ ಅರ್ಜಿ ಕೊಟ್ಟು, ನಕಲು ಇಟ್ಟುಕೊಳ್ಳಿ.

ಮುಂಚಿತವಾಗಿ ಸಿದ್ಧರಾದರೆ ಜೀವ ಉಳಿಯುತ್ತದೆಯೇ? ಒಡಿಶಾವನ್ನು ನೋಡಿ. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ತೀರಿಹೋದರು. 2019ರ ಮೇ ತಿಂಗಳಲ್ಲಿ 'ಫೋನಿ' ಬಂದಾಗ 10 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಸಾಗಿಸಿದ್ದರು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ನೀರಡಿಕೆ ಆದಾಗ ಬಾವಿ ತೋಡಿದ ಹಾಗೆ ಆಗಬಾರದು, ಸಹೋದರಿಯರೇ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಮಣ್ಣಿನ ಗೋಡೆಯ ಮನೆ ಯಾರದು? ಒಬ್ಬರೇ ಇರುವ ಅಜ್ಜಿ, ಬಾಣಂತಿ, ಅಂಗವಿಕಲರು ಯಾರ ಮನೆಯಲ್ಲಿದ್ದಾರೆ?
2. ಮಳೆ ಹಿಡಿದ ರಾತ್ರಿ ಅವರು ಎಲ್ಲಿ ಮಲಗುತ್ತಾರೆ? ಕರೆತರುವವರು ಯಾರು?
3. ಹವಾಮಾನ ಸುದ್ದಿ ಕೇಳಿ ಎಲ್ಲರಿಗೂ ತಿಳಿಸುವ ಇಬ್ಬರು ಯಾರು?
4. ಸಂಘದ ಉಳಿತಾಯದಲ್ಲಿ ಎರಡು ದೊಡ್ಡ ಟಾರ್ಪಾಲು ಕೊಂಡು ಸರದಿಯಂತೆ ಬಳಸಬಹುದೇ?
5. ಮಳೆಯಿಂದ ಬೆಳೆ ಹೋದ ಸದಸ್ಯೆಯ ಕಂತಿಗೆ ಎಷ್ಟು ತಿಂಗಳ ಕಾಲಾವಕಾಶ ಕೊಡಬಹುದು?

ಉತ್ತರಗಳನ್ನು ಹೆಸರು ಸಮೇತ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಮುಂದಿನ ಭೇಟಿಯಲ್ಲಿ ನಾವು ಮೊದಲು ಕೇಳುವುದು ಆ ಪುಟವನ್ನೇ.