ಒಂದು ಸೀರೆಗೆ ಒಂದು ಹಾಸು
(ಕೆಲಸದ ಒತ್ತಡದಲ್ಲಿ ಸಿಕ್ಕಿದ ಸಣ್ಣ ಬೆಳೆಗಾರರಿಗೆ)



ಡಿಸೆಂಬರ್ ತಿಂಗಳಲ್ಲಿ ನಮ್ಮ ಯಾವ ಸದಸ್ಯರ ಮನೆಗೆ ಹೋದರೂ ಕಾಣುವ ದೃಶ್ಯ ಒಂದೇ. ಅರೇಬಿಕಾ ಹಣ್ಣು ಗಿಡದಿಂದ ಉದುರುವ ಹಂತಕ್ಕೆ ಬಂದಿರುತ್ತದೆ. ಕಿತ್ತ ಹಣ್ಣನ್ನು ಅಂದೇ ಪಲ್ಪರ್‌ಗೆ ಹಾಕಬೇಕು. ಅಂಗಳದ ಒಂದು ಕಡೆ ಪಾರ್ಚ್‌ಮೆಂಟ್, ಇನ್ನೊಂದು ಕಡೆ ಅಡಿಕೆ; ಮೋಡ ಕವಿದರೆ ಎರಡನ್ನೂ ಮುಚ್ಚಲು ಓಡಬೇಕು. ಆಳುಗಳು ಸಾಲದು. ಇದರ ನಡುವೆ ಸಾಲದ ಕಂತು, ಮಕ್ಕಳ ಶುಲ್ಕ, ಮೋಟಾರಿನ ರಿಪೇರಿ. ದೊಡ್ಡ ಎಸ್ಟೇಟಿನಲ್ಲಿ ಮಾಲೀಕ, ರೈಟರ್, ಮೇಸ್ತ್ರಿ, ಡ್ರೈವರ್ ಹಂಚಿಕೊಳ್ಳುವ ಹೊರೆಯನ್ನು ನಾಲ್ಕೈದು ಎಕರೆಯವನು ಒಬ್ಬನೇ ಹೊರುತ್ತಾನೆ.

ಹೊರೆ ಮೀರಿದವನು ಸುಮ್ಮನೆ ಕೂರುವುದಿಲ್ಲ. ಇಡೀ ದಿನ ದುಡಿಯುತ್ತಾನೆ, ಆದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಇದಕ್ಕೆ ನನ್ನ ಉದಾಹರಣೆಯನ್ನೇ ಕೊಡುತ್ತೇನೆ. 2019ರಲ್ಲಿ ಮಳೆಗಾಲಕ್ಕೆ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಿದ್ದೆ. 40–45 ದಿನಗಳಿಗೆ ಎರಡನೆಯ ಸಿಂಪಡಣೆ ಆಗಬೇಕಿತ್ತು. ಆ ಹೊತ್ತಿಗೆ ಲೈನ್ ಮನೆಯ ಮಾಡು, ಸಂಘದ ಲೆಕ್ಕಪತ್ರ, ಬಂಧುಗಳ ಮದುವೆ ಹೀಗೆ ಹತ್ತು ಕೆಲಸಕ್ಕೆ ಕೈ ಹಾಕಿದ್ದೆ, ಒಂದೂ ಮುಗಿದಿರಲಿಲ್ಲ. ಜುಲೈಯಲ್ಲಿ ಸಿಕ್ಕಿದ ಹೊಳವು ಹೋಯಿತು. ಆಗಸ್ಟ್‌ನಲ್ಲಿ ಮಲೆನಾಡಿಗೆ ಬಿದ್ದ ಮಳೆ ತಮಗೆಲ್ಲ ನೆನಪಿದೆ. ಕೊಳೆರೋಗಕ್ಕೆ ಉದುರಿದ ಕಾಯಿಯನ್ನು ಬುಟ್ಟಿಗಟ್ಟಲೆ ಹೆಕ್ಕಿಸಿದೆ. ಅದಕ್ಕಿಂತ ನಾಚಿಕೆಯ ಸಂಗತಿ ಬೇರೆ. ಎರಡು ತಿಂಗಳು ಬಂದ ಲಕೋಟೆಗಳನ್ನು ಒಡೆಯದೆ ಮೇಜಿನ ಖಾನೆಗೆ ತುರುಕಿದ್ದೆ. ಅದರಲ್ಲಿ ನನ್ನ ಸಾಲದ ಗಡುವಿನ ನೋಟೀಸೂ ಇತ್ತು. ಬಡ್ಡಿಯ ರಿಯಾಯಿತಿ ಕೈತಪ್ಪಿತು. ಸದಸ್ಯರಿಗೆ ಗಡುವು ನೆನಪಿಸುವ ಕಾರ್ಯದರ್ಶಿಯೇ ತನ್ನ ಗಡುವು ಮರೆತ! ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಇದಕ್ಕೆ ಒಂದು ದಾರಿ ನನಗೆ ಸಿಕ್ಕಿದ್ದು ತೋಟಗಳೇ ಇಲ್ಲದ ಬಯಲುಸೀಮೆಯಲ್ಲಿ. 2023ರ ಬೇಸಗೆಯಲ್ಲಿ ಮಗಳ ಮದುವೆಯ ಸೀರೆಗಾಗಿ ಬಾಗಲಕೋಟೆ ಜಿಲ್ಲೆಗೆ ಹೋಗಿದ್ದೆವು. ಬಾದಾಮಿಯ ಗುಹೆಗಳನ್ನು ನೋಡಿ, ಬನಶಂಕರಿಗೆ ಕೈಮುಗಿದು, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಹುನಗುಂದದ ಮೇಲೆ ಇಳಕಲ್ ಸೇರಿದೆವು. ಅಲ್ಲಿ ಒಬ್ಬ ನೇಕಾರರ ಮನೆಯಲ್ಲಿ ಅರ್ಧ ದಿನ ಕುಳಿತೆವು. ಅವರ ಸ್ಥಿತಿ ನಮ್ಮದಕ್ಕಿಂತ ಸುಲಭವೇನಲ್ಲ. ನೂಲಿನ ದರ ಅವರ ಕೈಯಲ್ಲಿಲ್ಲ, ಸೀರೆಯ ದರವೂ ಇಲ್ಲ. ಎದುರಿಗೆ ವಿದ್ಯುತ್ ಮಗ್ಗದ ಪೈಪೋಟಿ. ಆದರೂ ಕೆಲಸ ಗೋಜಲಾಗದಂತೆ ನೋಡಿಕೊಳ್ಳುವ ಒಂದು ಕ್ರಮ ಅವರ ಕಸುಬಿನಲ್ಲೇ ಇದೆ.

ಇಳಕಲ್ ಸೀರೆಯ ಹಾಸು ಒಂದೇ ತುಂಡಲ್ಲ. ಒಡಲಿನ ಹಾಸು ಬೇರೆ, ದಡಿಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗಿಗೆ ರೇಷ್ಮೆಯನ್ನೋ ಕೃತಕ ರೇಷ್ಮೆಯನ್ನೋ ಹಾಕುತ್ತಾರೆ. ಮೂರನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೆ ತೋಪು ತೆನಿ ಎಂದು ಹೆಸರು. ಹೀಗೆ ಜೋಡಿಸಬೇಕಾದ್ದರಿಂದ ಒಂದೊಂದು ಸೀರೆಗೂ ಒಂದೊಂದು ಹಾಸು. ನಾಲ್ಕು ಸೀರೆಯ ಹಾಸನ್ನು ಒಮ್ಮೆಗೇ ಮಗ್ಗಕ್ಕೆ ಏರಿಸುವಂತಿಲ್ಲ. ಮನೆಯ ಹೆಂಗಸರು ನೂಲು ಸುತ್ತುವುದರಿಂದ ಹಿಡಿದು ಕೆಲಸದಲ್ಲಿ ಪಾಲುದಾರರು.

ಊರಿಗೆ ಬಂದು ನಾನು ಮಾಡಿದ್ದು ಇಷ್ಟೇ. ತಿಂಗಳ ಮೊದಲ ಸಂಜೆ ತಲೆಯಲ್ಲಿರುವುದನ್ನೆಲ್ಲ ಮೂರು ಹಾಳೆಗಳಲ್ಲಿ ಬರೆಯತೊಡಗಿದೆ.

ಮೊದಲನೆಯದು ಒಡಲಿನ ಹಾಳೆ. ಇಲ್ಲಿ ಗಡುವು ಹಾಕುವುದು ಪ್ರಕೃತಿ, ಅದು ಯಾರ ಮಾತನ್ನೂ ಕೇಳದು. ಮುಂಗಾರಿಗೆ ಮೊದಲು ಶೇಕಡಾ 1ರ ಬೋರ್ಡೋ (1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು), ಎರಡನೆಯ ಸಿಂಪಡಣೆಯ ತಾರೀಖನ್ನು ಮೊದಲನೆಯ ದಿನವೇ ಬರೆಯುವುದು. ಅರೇಬಿಕಾದಲ್ಲಿ ಬಿಳಿ ಕಾಂಡಕೊರಕದ ದುಂಬಿ ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ತಿಂಗಳುಗಳಿಗೆ ಮುನ್ನವೇ ಕೊರಕ ಬಿದ್ದ ಗಿಡ ಗುರುತಿಸಿ ಕಿತ್ತು ಸುಡುವುದು. ಕೊಯ್ಲು, ಒಣಗಿಸುವಿಕೆ.

ಎರಡನೆಯದು ದಡಿಯ ಹಾಳೆ. ಸಾಲದ ಗಡುವು, ವಿಮೆಯ ಕಂತು, ಕೂಲಿ ಲೆಕ್ಕ, ಬಂದ ಕಾಗದಗಳು. ದಡಿ ಕಿತ್ತರೆ ಸೀರೆ ಬಾಳದು. ಲಕೋಟೆ ಬಂದ ದಿನವೇ ಒಡೆದು ತಾರೀಖು ಬರೆಯಬೇಕು. ಉತ್ತರ ನಾಳೆ ಬರೆದರೂ ಆದೀತು.

ಮೂರನೆಯದು ಸೆರಗಿನ ಹಾಳೆ. ಮನೆಯವರ ಆರೋಗ್ಯ, ಮಕ್ಕಳ ವಿಷಯ, ಹಬ್ಬ, ತನ್ನ ನಿದ್ದೆ. ನಾವು ಇದನ್ನು ಉಳಿದ ಸಮಯಕ್ಕೆಂದು ಬಿಡುತ್ತೇವೆ, ಆ ಸಮಯ ಉಳಿಯುವುದೇ ಇಲ್ಲ. ನೇಕಾರ ರೇಷ್ಮೆ ಇಡುವುದು ಸೆರಗಿಗೇ ಎಂಬುದನ್ನು ಮರೆಯಬಾರದು.

ಬರೆದ ಮೇಲೆ ಒಂದೊಂದು ಹಾಳೆಯಿಂದ ಒಂದೊಂದೇ ಕೆಲಸವನ್ನು ಆ ವಾರಕ್ಕೆ ಆರಿಸಬೇಕು. ಅದು ಮುಗಿದರೆ ಮುಂದಿನದು. ಈ ವರ್ಷದ ಫಸಲು ಅಂಗಳದಲ್ಲಿರುವಾಗ ಬರುವ ವರ್ಷದ ಮರುನಾಟಿಯ ಚಿಂತೆಯನ್ನು ಮಗ್ಗಕ್ಕೆ ಏರಿಸುವುದು ಬೇಡ. ಗಡುವು ಇಲ್ಲದ ಕೆಲಸ ಹಾಳೆಯಲ್ಲಿ ಕಾಯಲಿ. ಕಾಗದದ ಮೇಲೆ ಕಾಯುವುದು ತಲೆಯೊಳಗೆ ಕೊರೆಯುವುದಿಲ್ಲ.

ಮೂರು ಹಾಳೆಯನ್ನೂ ಒಬ್ಬನೇ ಹಿಡಿಯಬಾರದು. ನಮ್ಮ ಮನೆಯಲ್ಲಿ ದಡಿಯ ಹಾಳೆಯನ್ನು ನನ್ನ ಪತ್ನಿ ವಹಿಸಿಕೊಂಡರು. ಅದಕ್ಕೆ ಮೊದಲು ನಾನು ಸಾಲದ ನಿಜವಾದ ಮೊತ್ತ ಹೇಳಬೇಕಾಯಿತು. ಆ ಸಂಜೆ ಕಷ್ಟವಾಯಿತು. ಆದರೆ ಅಂದಿನಿಂದ ಒಂದು ಗಡುವೂ ತಪ್ಪಿಲ್ಲ.

ಇಳಕಲ್ಲಿನಿಂದ ಮರಳುವಾಗ ಗದಗದ ಹತ್ತಿರದ ಕಣಗಿನಹಾಳವನ್ನು ನೋಡಿ ಬಂದೆವು. 1904ರ ಸಹಕಾರಿ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಒಬ್ಬ ರೈತನಿಗೆ ಹೊರಲಾಗದ್ದನ್ನು ಊರು ಕೂಡಿ ಹೊರಬಹುದೆಂಬ ನಂಬಿಕೆಯೇ ಅದರ ಮೂಲ ಬಂಡವಾಳ. ನಮ್ಮ ಹಿರಿಯರ ಮುಯ್ಯಾಳು ಪದ್ಧತಿಯೂ ಅದೇ ತಾನೆ? ಅಕ್ಕಪಕ್ಕದ ನಾಲ್ಕು ತೋಟದವರು ಸಿಂಪಡಣೆಗೆ ಒಬ್ಬನೇ ಮರ ಹತ್ತುವವನನ್ನು ಗೊತ್ತು ಮಾಡಿ ಸರದಿ ಹಾಕಿಕೊಳ್ಳಬಹುದು. ಸಾಲ ಕಟ್ಟಲಾಗದೆನಿಸಿದರೆ ಗಡುವಿಗೆ ಮುನ್ನವೇ ಸಂಘಕ್ಕೆ ಬಂದು ಹೇಳಬೇಕು. ಮೊದಲೇ ತಿಳಿಸಿದವರಿಗೆ ದಾರಿ ಹುಡುಕಬಹುದು. ಗಡುವು ಕಳೆದ ಮೇಲೆ ಬಂದವರಿಗೆ ನಾವು ಮಾಡಬಹುದಾದದ್ದು ಕಡಿಮೆ.

ಹಾಳೆ ಬರೆದರೆ ಮಳೆ ನಿಲ್ಲುವುದಿಲ್ಲ, ದರ ಏರುವುದಿಲ್ಲ. ಈ ಮಾತನ್ನು ಮರೆಸಿ ನಾನು ಏನನ್ನೂ ಹೇಳುತ್ತಿಲ್ಲ. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಊಟ ರುಚಿಸದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಹಾಳೆಗಳಿಂದ ತೀರುವ ವಿಷಯವಲ್ಲ. ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಮಾತಾಡಬಹುದು, ಕನ್ನಡದಲ್ಲೇ. ಇದರಲ್ಲಿ ಅವಮಾನವೇನೂ ಇಲ್ಲ.

ಮುಂದಿನ ಸಲ ಸಂಘದ ಕಚೇರಿಗೆ ಬರುವಾಗ ತಮ್ಮ ಮೂರು ಹಾಳೆಗಳನ್ನೂ ತನ್ನಿರೆಂದು ವಿನಂತಿ. ಬರೆಯಲು ತೋಚದಿದ್ದರೆ ಖಾಲಿ ಹಾಳೆಗಳನ್ನೇ ತನ್ನಿ. ಜೊತೆಗೆ ಕುಳಿತು ಬರೆಯೋಣ. ಒಡೆಯದ ಲಕೋಟೆಗಳಿದ್ದರೆ ಅವನ್ನೂ ತನ್ನಿ.

— ಕಾರ್ಯದರ್ಶಿ