ಬೊಂತೆ ಹೊಲಿಯೋಣ ಬನ್ನಿ: ನಾಲ್ಕು ಭಾನುವಾರದ ಪಾಠ

ಗೆಳೆಯರೇ, ಸಾಫ್ಟ್‌ವೇರಿನಲ್ಲಿ ನಾವು ದಿನಾ ಹೇಳೋ 'ಪ್ಯಾಚ್' ಅನ್ನೋ ಮಾತಿಗೆ ಕನ್ನಡದಲ್ಲಿ ಬಹಳ ಹಿಂದಿನಿಂದಲೂ ಒಂದು ಪದ ಇದೆ: ತೇಪೆ. 'ತೇಪೆ ಹಚ್ಚೋ ಕೆಲಸ' ಅಂದ್ರೆ ಈಗ ಬೈಗುಳ. ಆದ್ರೆ ಬರೀ ತೇಪೆಗಳಿಂದಲೇ ಒಂದು ಇಡೀ ವಸ್ತುವನ್ನು ಕಟ್ಟಿ, ಮಾಗಿ ಚಳಿಗೆ ಮನೆಮಂದಿಗೆಲ್ಲ ಹೊದಿಸಿದವರು ನಮ್ಮ ಅಜ್ಜಿಯರು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಿರಿಯರು ಅದನ್ನ ಬೊಂತೆ ಅಂತಾರೆ, ಉತ್ತರ ಕರ್ನಾಟಕದಲ್ಲಿ ಕೌದಿ ಅಂತಾರೆ. ನಮ್ಮ ಕೆ.ಆರ್.ನಗರ ಕಡೆಯ ಮಿರ್ಲೆಯಂಥ ಊರಲ್ಲಿ ಇವತ್ತು ಅಂಗಡಿಯ ಬ್ಲಾಂಕೆಟ್ ಎಲ್ಲ ಮನೆಗೂ ಬಂದಿದೆ. ಬೊಂತೆ ಹೊಲಿಯೋಕೆ ಬರೋ ಕೈಗಳು ಇನ್ನೂ ಇವೆ, ಆದ್ರೆ ಆ ಕೈಗಳಿಗೆ ವಯಸ್ಸಾಗಿದೆ. ಕೇಳಿ ಕಲಿಯೋರು ಇಲ್ಲದಿದ್ರೆ ಕೆಲಸದ ಜೊತೆಗೆ ಅದರ ಪದಗಳೂ ಹೋಗ್ತವೆ.

ಹಾಗಾಗಿ ಇದು ಬರೀ ನೆನಪಿನ ಲೇಖನ ಅಲ್ಲ, ಪಾಠ. ಸೂಜಿ ಹಿಡಿದೇ ಇಲ್ಲದವರು ನಾಲ್ಕು ಭಾನುವಾರದಲ್ಲಿ ಒಂದು ಪುಟ್ಟ ಬೊಂತೆ ಮುಗಿಸಬಹುದು. ರಜೆಗೆ ಊರಿಗೆ ಹೋದಾಗ, ಇಲ್ಲವೇ ಎನ್‌ಎಸ್‌ಎಸ್ ಶಿಬಿರದಲ್ಲಿ ಮಕ್ಕಳಿಗೆ ಕಲಿಸೋಕೂ ಆಗುತ್ತೆ. ಹುಡುಗರೇ, 'ಇದು ಹುಡುಗೀರ ಕೆಲಸ' ಅಂತ ಪುಟ ತಿರುಗಿಸಬೇಡಿ. ನಿಮ್ಮ ಊರಿನ ಟೈಲರ್ ಅಂಗಡಿಯಲ್ಲಿ ಮಿಷನ್ ತುಳಿಯೋರು ಯಾರು ಅಂತ ಒಂದ್ಸಲ ನೆನಪಿಸಿಕೊಳ್ಳಿ.

ಬಟ್ಟೆಯ ಎಂಜಿನಿಯರಿಂಗ್

ಮೊದಲು ಸ್ವಲ್ಪ ಥಿಯರಿ. ಒಂದು ಹತ್ತಿ ಬಟ್ಟೆಯ ಚೌಕ ತಗೊಳ್ಳಿ. ಉದ್ದಕ್ಕೆ ಎಳೀರಿ, ಅಡ್ಡಕ್ಕೆ ಎಳೀರಿ: ಹೆಚ್ಚು ಹಿಗ್ಗಲ್ಲ. ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ಎಳೆಯೇ ನೇರವಾಗಿ ಭಾರ ಹೊರುತ್ತೆ. ಈಗ ಮೂಲೆಯಿಂದ ಮೂಲೆಗೆ, ಅಂದ್ರೆ 45 ಡಿಗ್ರಿಯಲ್ಲಿ ಎಳೀರಿ. ಬಟ್ಟೆ ರಬ್ಬರಿನ ಹಾಗೆ ಹಿಗ್ಗುತ್ತೆ. ಚೌಕ ಚೌಕದ ಹೆಣಿಗೆ ವಜ್ರಾಕೃತಿಗೆ ವಾಲುತ್ತೆ, ಮೂಲೆಪಟ್ಟಿ ಇಲ್ಲದ ಚೌಕಟ್ಟು ವಾಲೋ ಹಾಗೆ. ಕಲಿಯೋರ ಮೊದಲ ಬೊಂತೆ ಸೊಟ್ಟಗಾಗೋದು ಬಹುತೇಕ ಇದರಿಂದಲೇ: ತುಂಡನ್ನ ಓರೆಯಾಗಿ ಕತ್ತರಿಸಿ, ಹೊಲಿಯುವಾಗ ಎಳೆದಿರ್ತಾರೆ. ಎಳೆಯ ನೇರಕ್ಕೆ ಕತ್ತರಿಸಿದರೆ ಅರ್ಧ ತೊಂದರೆ ಮುಗೀತು. ಹಳೇ ಹತ್ತಿ ಬಟ್ಟೆ ಆದ್ರೆ ಅಂಚಲ್ಲಿ ಸಣ್ಣ ಕಚ್ಚು ಹಾಕಿ ಹರಿದರೆ ಸಾಕು, ಎಳೆಯ ನೇರಕ್ಕೇ ಹರಿಯುತ್ತೆ.

ಎರಡನೇದು ಬಿಸಿ. ಬೊಂತೆ ಬೆಚ್ಚಗಿರೋದು ಬಟ್ಟೆಯಿಂದ ಮಾತ್ರ ಅಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಅಲುಗಾಡದ ಗಾಳಿ ಶಾಖವನ್ನ ತುಂಬಾ ಕಮ್ಮಿ ಸಾಗಿಸುತ್ತೆ. ಹೊಲಿಗೆ ಸಾಲು ತೀರಾ ದೂರ ಇದ್ರೆ ಪದರಗಳು ಒಳಗೇ ಜಾರಿ ಗಂಟುಕಟ್ಟುತ್ತವೆ. ತೀರಾ ಒತ್ತಾಗಿದ್ರೆ ಬೊಂತೆ ಗಟ್ಟಿಯಾಗುತ್ತೆ, ಆದ್ರೆ ಗಾಳಿ ಹೊರಗೆ ಹೋಗಿ ರಟ್ಟಿನ ಹಾಗೆ ಬಿರುಸಾಗುತ್ತೆ. ಕಲಿಯೋರಿಗೆ ಸಾಲಿಂದ ಸಾಲಿಗೆ 2.5 ಸೆಂ.ಮೀ. ಒಳ್ಳೇ ಅಳತೆ.

ಮೂರನೇದು ಲೆಕ್ಕ. 10 ಸೆಂ.ಮೀ. ಚೌಕಗಳನ್ನ ಕತ್ತರಿಸಿ, ಸುತ್ತಲೂ 1 ಸೆಂ.ಮೀ. ಒಳಗೆ ಬಿಟ್ಟು ಒಂದಕ್ಕೊಂದು ಜೋಡಿಸಿದ್ರೆ, ಹೊರಗೆ ಕಾಣೋದು 8 ಸೆಂ.ಮೀ. ಚೌಕ ಮಾತ್ರ. 100ರಲ್ಲಿ 64 ಉಳೀತು. 36 ಪಾಲು ಬಟ್ಟೆ ಒಳಗಿನ ಮಡಿಕೆಗೇ ಹೋಯ್ತು! ಚೌಕ 20 ಸೆಂ.ಮೀ. ಆದ್ರೆ ಹೋಗೋದು 19 ಪಾಲು. ತುಂಡು ಚಿಕ್ಕದಾದಷ್ಟೂ ನಷ್ಟ ಜಾಸ್ತಿ. ಬಟ್ಟೆಗೆ ಬರ ಇದ್ದ ಮನೆಗಳಲ್ಲಿ ಈ ದಾರಿ ನಡೆಯಲ್ಲ. ಅದಕ್ಕೇ ಕೌದಿ ಹೊಲಿಯೋರು ಅಳತೆಗೆ ಕತ್ತರಿಸೋ ಬದಲು ತುಂಡು ಹೇಗಿದೆಯೋ ಹಾಗೇ ತಗೊಂಡು, ಕಾಣೋ ಅಂಚನ್ನ ಮಾತ್ರ ಮಡಿಚಿ ಅಡಿಬಟ್ಟೆಯ ಮೇಲೇ ಕೂರಿಸ್ತಾರೆ.

ಇದರ ಅಂದದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರಿದ್ದಾರೆ. ಅಲ್ಲಿನ ಹೆಂಗಸರು ಹೊಲಿಯೋ ಕೌದಿಗೆ ಕವಂದಿ ಅಂತ ಹೆಸರು. ಅವರು ಒಂದು ಮೂಲೆಯಿಂದ ಶುರುಮಾಡಿ, ಅಂಚಿನ ಸುತ್ತ ಹೊಲಿಯುತ್ತಾ ಸುತ್ತುಸುತ್ತಾಗಿ ನಡುವಿಗೆ ಬಂದು ಮುಗಿಸ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಿಚಿ ಮಾಡಿದ 'ಫೂಲ್', ಅಂದ್ರೆ ಹೂ, ಇರಬೇಕು. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬರಿಮೈ ಇದ್ದ ಹಾಗೆ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೆಲಸವನ್ನ ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೀತು. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಅನ್ನೋ ಹಳ್ಳಿಯ ಕಪ್ಪು ಜನಾಂಗದ ಹೆಂಗಸರೂ ಹಳೇ ಕೆಲಸದ ಬಟ್ಟೆಗಳಿಂದ ಹೀಗೇ ಹೊಲೀತಿದ್ದರು. 2002ರಲ್ಲಿ ಅವು ದೊಡ್ಡ ಮ್ಯೂಸಿಯಂಗಳಿಗೆ ಹೋದವು, 2006ರಲ್ಲಿ ಅಂಚೆಚೀಟಿ ಮೇಲೂ ಬಂದವು. ಹಳ್ಳಿ ಮನೆಯ ಜಗಲಿಯ ಕೆಲಸ ಕೀಳಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಬೇಕಾದ ಸಾಮಾನು

ಒಂದು ಹಳೇ ಪಂಚೆ, ಒಂದು ಹಳೇ ಹತ್ತಿ ಸೀರೆ, ಟೈಲರ್ ಅಂಗಡಿಯ ಚಿಂದಿ ಬಟ್ಟೆ, ಗಟ್ಟಿ ಹತ್ತಿ ದಾರ, ಸ್ವಲ್ಪ ದಪ್ಪ ಸೂಜಿ, ಕತ್ತರಿ, ಸೀಮೆಸುಣ್ಣ, ಸ್ಕೇಲು. ಬಟ್ಟೆಯನ್ನೆಲ್ಲ ಮೊದಲೇ ಒಗೆದು ಒಣಗಿಸಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತೆ. ಹೊಲಿದ ಮೇಲೆ ಕುಗ್ಗಿದ್ರೆ ಬೊಂತೆಯೆಲ್ಲ ಸುಕ್ಕು. ಬಣ್ಣದ ತುಂಡನ್ನ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ರೆ ಪಕ್ಕಕ್ಕಿಡಿ.

ಈಗಿನ ಒಂದು ತೊಂದರೆ ಅಂದ್ರೆ ಹಳೇ ಸೀರೆಗಳಲ್ಲಿ ಎಷ್ಟೋ ಪಾಲಿಯೆಸ್ಟರ್. ಅದು ಜಾರುತ್ತೆ, ಬೆವರು ಹೀರಲ್ಲ, ಬೆಂಕಿ ತಗುಲಿದ್ರೆ ಕರಗಿ ಮೈಗೆ ಅಂಟುತ್ತೆ. ಗೊತ್ತಾಗದಿದ್ರೆ ನಾಲ್ಕೈದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದ್ರೆ ಹತ್ತಿ. ಕರಗಿ ಗಟ್ಟಿ ಮಣಿ ಆದ್ರೆ ಪಾಲಿಯೆಸ್ಟರ್. ಈ ಪರೀಕ್ಷೆ ದೊಡ್ಡವರದ್ದು, ಮಕ್ಕಳ ಕೈಗೆ ಕೊಡಬೇಡಿ.

ಮೊದಲ ಭಾನುವಾರ: ಸಾದಾ ಹೊಲಿಗೆ

ದಾರದ ಉದ್ದ ಒಂದು ಮೊಳ, ಅಂದ್ರೆ ಸುಮಾರು 45ರಿಂದ 50 ಸೆಂ.ಮೀ. 'ಪದೇಪದೇ ಪೋಣಿಸೋದು ಯಾಕೆ' ಅಂತ ಉದ್ದ ತಗೊಂಡ್ರೆ ಸಿಕ್ಕು ಬಿಡಿಸೋದ್ರಲ್ಲೇ ಹೊತ್ತು ಹೋಗುತ್ತೆ. ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆದು, ಸೂಜಿಯನ್ನ ಅರ್ಧ ಸೆಂ.ಮೀ. ಮೇಲೆ, ಅರ್ಧ ಸೆಂ.ಮೀ. ಕೆಳಗೆ ಓಡಿಸಿ. ಇದೇ ರನ್ನಿಂಗ್ ಸ್ಟಿಚ್; ಬೊಂತೆಗೆ ಬೇಕಾದ ಮುಖ್ಯ ಹೊಲಿಗೆ ಇದೊಂದೇ. ದಾರವನ್ನ ಬಿಗಿಯಾಗಿ ಎಳೆದ್ರೆ ಬಟ್ಟೆ ನೆರಿಗೆ ಕಟ್ಟುತ್ತೆ. ಮೂರ್ನಾಲ್ಕು ಹೊಲಿಗೆಗೊಮ್ಮೆ ಬೆರಳಿಂದ ಸವರಿ ಚಪ್ಪಟೆ ಮಾಡಿ.

ಎರಡನೇ ಭಾನುವಾರ: ಹಿಂದೆ ಬಂದು ಮುಂದೆ ಹೋಗೋದು

ಎರಡು ಬಟ್ಟೆ ಗಟ್ಟಿಯಾಗಿ ಕೂಡಬೇಕಾದ ಕಡೆ ಬ್ಯಾಕ್ ಸ್ಟಿಚ್: ಒಂದು ಹೆಜ್ಜೆ ಹಿಂದೆ ಚುಚ್ಚಿ, ಎರಡು ಹೆಜ್ಜೆ ಮುಂದೆ ಬರೋದು. ಸಾದಾ ಹೊಲಿಗೆಯಲ್ಲಿ ದಾರದ ಒಂದು ತುದಿ ಎಳೆದ್ರೆ ಸಾಲೇ ಜಾರುತ್ತೆ. ಇದರಲ್ಲಿ ದಾರ ತನ್ನನ್ನೇ ದಾಟಿ ಕೂತಿರೋದ್ರಿಂದ ಜಾರಲ್ಲ. ಪ್ರತಿ ದಾರದ ಕೊನೆಗೆ ಎರಡು ಬ್ಯಾಕ್ ಸ್ಟಿಚ್ ಹಾಕಿದ್ರೆ ಒಂದು ದಾರ ಸವೆದರೂ ಮಿಕ್ಕ ಬೊಂತೆಗೆ ಏನೂ ಆಗಲ್ಲ.

ಇದೇ ದಿನ ಧಾರವಾಡದ ಕಸೂತಿಯ ಗವಂತಿಯನ್ನೂ ಪ್ರಯತ್ನಿಸಿ. ಬಿಟ್ಟು ಬಿಟ್ಟು ಹೊಲೀತಾ ಹೋಗಿ, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬರೋದು. ಗಂಟು ಇಲ್ಲ, ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ರ. ಗ್ರಾಫ್ ಥಿಯರಿ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ: ಪ್ರತಿ ಗೆರೆಯ ಮೇಲೂ ಎರಡು ಸಲ ಹೋಗೋದ್ರಿಂದ ಎಲ್ಲ ಬಿಂದುವಿನ ಡಿಗ್ರಿಯೂ ಸಮಸಂಖ್ಯೆ. ಹಾಗಾಗಿ ಬಿಡಿಬಿಡಿಯಾಗಿಲ್ಲದ ಯಾವ ಚಿತ್ರವಾದ್ರೂ ಹೊರಟ ಜಾಗಕ್ಕೇ ವಾಪಸ್ ಬರೋ ಆಯ್ಲರ್ ಸರ್ಕ್ಯೂಟ್ ಇದ್ದೇ ಇರುತ್ತೆ. ನಾವು ಬೋರ್ಡಿನ ಮೇಲೆ ಸಾಧಿಸೋದನ್ನ ಅವರು ಇಳಕಲ್ ಸೀರೆ ಮೇಲೆ ಮಾಡಿ ತೋರಿಸಿದ್ದಾರೆ.

ಮೂರನೇ ಮತ್ತು ನಾಲ್ಕನೇ ಭಾನುವಾರ: ಪುಟ್ಟ ಬೊಂತೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಅನ್ನೋ ಮಾತು ಕಲಿಯೋರಿಗೂ ಸರಿ. ಮೊದಲ ಬೊಂತೆ 60 ಸೆಂ.ಮೀ. ಚೌಕ ಸಾಕು.

1. ಪಂಚೆಯಿಂದ 64 ಸೆಂ.ಮೀ. ಚೌಕ ಹರಿದು ಹಾಸಿ. ಇದು ಅಡಿಬಟ್ಟೆ.
2. ಅದರ ನಡುವೆ ಸೀರೆಯ ಎರಡು ಪದರ, 60 ಸೆಂ.ಮೀ. ಚೌಕ, ಸುಕ್ಕಿಲ್ಲದೆ ಹಾಸಿ. ಅಡಿಬಟ್ಟೆಯ ಅಂಚನ್ನ ಸುತ್ತಲೂ 2 ಸೆಂ.ಮೀ. ಒಳಕ್ಕೆ ಮಡಿಚಿ.
3. ಎಲ್ಲ ಪದರ ಸೇರಿಸಿ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಇದನ್ನ ಕೊನೆಗೆ ಕಿತ್ತುಹಾಕ್ತೀವಿ.
4. ಒಂದು ಮೂಲೆಯಲ್ಲಿ ಮೊದಲ ತುಂಡು ಇಡಿ. ಬೊಂತೆಯ ಅಂಚಿಗೆ ಬರೋ ಕಡೆ ತುಂಡನ್ನ ಮಡಿಚಿ. ಮುಂದಿನ ತುಂಡಿನ ಮಡಿಚಿದ ಅಂಚು, ಹಿಂದಿನದರ ಬಿಚ್ಚು ಅಂಚನ್ನ ಎರಡು ಸೆಂ.ಮೀ. ಮುಚ್ಚಬೇಕು.
5. ಅಂಚಿನ ಸುತ್ತ ಸಾದಾ ಹೊಲಿಗೆ ಓಡಿಸಿ, ಸುತ್ತು ಮುಗಿದಂತೆ 2.5 ಸೆಂ.ಮೀ. ಒಳಗೆ ಬನ್ನಿ. ಸೂಜಿ ಪ್ರತಿ ಸಲ ಎಲ್ಲ ಪದರ ದಾಟಿತಾ ಅಂತ ತಿರುಗಿಸಿ ನೋಡಿ.
6. ನಡುವಿಗೆ ಬಂದಾಗ ಕೊನೆಯ ತುಂಡಿನ ನಾಲ್ಕೂ ಕಡೆ ಮಡಿಚಿ ಮುಚ್ಚಿ.

ಎಷ್ಟು ಹೊಲಿಗೆ? ವಿಸ್ತೀರ್ಣವನ್ನ ಸಾಲಿನ ಅಂತರದಿಂದ ಭಾಗಿಸಿ: 0.36 ಭಾಗಿಸು 0.025, ಅಂದ್ರೆ 14.4 ಮೀಟರ್. ಸೆಂ.ಮೀ.ಗೆ ಒಂದರಂತೆ 1,440 ಹೊಲಿಗೆ. ಒಂದು ಮೊಳ ದಾರದಲ್ಲಿ 40 ಸೆಂ.ಮೀ. ಕೆಲಸಕ್ಕೆ ಬಂದ್ರೆ 36 ಸಲ ಪೋಣಿಸಬೇಕು. ಅಜ್ಜಿಯರಿಗೆ ಕಷ್ಟ ಆಗೋದು ಹೊಲಿಯೋದಲ್ಲ, ಈ ಪೋಣಿಸೋದೇ. ಮಕ್ಕಳು ಪೋಣಿಸಿ ಕೊಡಲಿ, ಅಜ್ಜಿ ಹೊಲಿದು ತೋರಿಸಲಿ. ಪಾಠಕ್ಕೆ ಇದಕ್ಕಿಂತ ಒಳ್ಳೇ ಏರ್ಪಾಡು ಬೇರೆ ಇಲ್ಲ.

ಮಕ್ಕಳಿಗೆ ಕಲಿಸುವಾಗ

ಎಂಟು ವರ್ಷದೊಳಗಿನವರಿಗೆ ಸೂಜಿ ಬೇಡ. ಹಳೇ ಲಗ್ನಪತ್ರಿಕೆಯ ರಟ್ಟಿಗೆ ತೂತು ಹಾಕಿಕೊಟ್ಟು, ಶೂ ಲೇಸ್ ಪೋಣಿಸಲಿ. ದೊಡ್ಡ ಮಕ್ಕಳಿಗೆ ಮೊಂಡು ತುದಿಯ ದಪ್ಪ ಸೂಜಿ, ಉಲ್ಲನ್ ದಾರ, ಗೋಣಿಚೀಲದ ತುಂಡು; ಗೋಣಿಯ ಎಳೆಗಳು ಎಣಿಸೋಕೆ ಸಿಗೋದ್ರಿಂದ 'ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ' ಅಂತ ಹೇಳಿಕೊಡಬಹುದು. ಪಾಠದ ಮುಂಚೆ, ಆಮೇಲೆ ಸೂಜಿ ಎಣಿಸಲೇಬೇಕು. ಒಂದು ಕಮ್ಮಿ ಆದ್ರೆ ಅಯಸ್ಕಾಂತ ಆಡಿಸಿ ಹುಡುಕೋವರೆಗೂ ಯಾರೂ ಎದ್ದು ಓಡಾಡಬಾರದು. ಸೂಜಿಯನ್ನ ಬಾಯಲ್ಲಿ ಕಚ್ಚಬಾರದು. ಎಡಗೈ ಮಕ್ಕಳನ್ನ ಬಲಗೈಗೆ ತಿರುಗಿಸಬೇಡಿ. ಎದುರಿಗೆ ಕೂತು ತೋರಿಸಿದ್ರೆ ಕನ್ನಡಿಯಲ್ಲಿ ನೋಡಿದ ಹಾಗೆ ಅವರೇ ಕಲೀತಾರೆ. ಹಸುಗೂಸಿನ ಬೊಂತೆಗೆ ಗುಂಡಿ, ಮಣಿ, ಮಿಂಚು ಬೇಡ; ಕಿತ್ತು ಬಾಯಿಗೆ ಹಾಕ್ಕೊಳ್ತವೆ. ಹೊಲಿಗೆ ಸೊಟ್ಟಗಿದೆ ಅಂತ ಮಗುವಿನ ಮುಂದೆ ಬಿಚ್ಚಬೇಡಿ. ಮುಂದಿನ ಸಾಲು ತಾನೇ ನೇರ ಆಗುತ್ತೆ.

ಮೂಲೆಯಲ್ಲಿರೋ ಮಿಷನ್

ಎಷ್ಟೋ ಮನೆಗಳಲ್ಲಿ ಹೊಲಿಗೆ ಮಿಷನ್ ಇದೆ, ಓಡ್ತಿಲ್ಲ. ಇಲ್ಲಿ ನಾವು ನಿಜವಾಗಿ ಕೆಲಸಕ್ಕೆ ಬರ್ತೀವಿ. ಕೈ ಸೂಜಿಗೆ ಕಣ್ಣು ಹಿಂದೆ. ಮಿಷನ್ ಸೂಜಿಗೆ ಕಣ್ಣು ತುದಿಯಲ್ಲಿ. ಸೂಜಿ ಕೆಳಗಿಳಿದು ಒಂಚೂರು ಮೇಲೇಳುವಾಗ ದಾರ ಸಣ್ಣ ಕುಣಿಕೆ ಆಗುತ್ತೆ. ಶಟಲ್‌ನ ಮೊನೆ ಆ ಕುಣಿಕೆಯನ್ನ ಹಿಡಿದು ಬಾಬಿನ್ ದಾರದ ಸುತ್ತ ದಾಟಿಸುತ್ತೆ, ಮೇಲಿನ ಲಿವರ್ ಬಿಗಿಯುತ್ತೆ, ಕೆಳಗಿನ ಹಲ್ಲು ಬಟ್ಟೆಯನ್ನ ಮುಂದೆ ತಳ್ಳುತ್ತೆ. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದದ್ದು ಈ ಲಾಕ್ ಸ್ಟಿಚ್‌ಗೇ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಮಿಷನ್ನಿಗೆ ಪೇಟೆಂಟ್ ಪಡೆದ.

ಇಷ್ಟು ಗೊತ್ತಿದ್ರೆ ರಿಪೇರಿ ಅರ್ಧ ಬಂತು. ಬಟ್ಟೆಯ ಕೆಳಗೆ ದಾರ ಗೂಡು ಕಟ್ಟಿದ್ರೆ ಸಾಮಾನ್ಯವಾಗಿ ತಪ್ಪು ಮೇಲಿನ ದಾರದ್ದು: ಪೂರ್ತಿ ಬಿಚ್ಚಿ, ಮತ್ತೆ ಪೋಣಿಸಿ, ಟೆನ್ಷನ್ ನೋಡಿ. ಹೊಲಿಗೆ ಹಾರಿದ್ರೆ ಮೊದಲು ಸೂಜಿ ಬದಲಿಸಿ. ಸೂಜಿ ಮೇಲೆ 90/14 ಅಂತ ಇದ್ರೆ 90 ಅಂದ್ರೆ 0.9 ಮಿ.ಮೀ. ದಪ್ಪ, ಬೊಂತೆಯ ಪದರಗಳಿಗೆ 100/16 ವಾಸಿ. ಕೊಬ್ಬರಿ ಎಣ್ಣೆ ಬಿಡಬೇಡಿ, ಅಂಟುಗಟ್ಟುತ್ತೆ. ಮಿಷನ್ ಎಣ್ಣೆಯನ್ನೇ ಬಿಡಿ. ಒಬ್ಬ ತಾಯಿಗೆ ನಿಂತ ಮಿಷನ್ ಓಡಿದ್ರೆ ಅದು ಬ್ಲೌಸಿಗಿಷ್ಟು ಅಂತ ಮನೆಗೆ ಬರೋ ದುಡ್ಡು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ತರಬೇತಿ, 15,000 ರೂಪಾಯಿವರೆಗಿನ ಸಲಕರಣೆ ನೆರವು ಉಂಟು. ಅರ್ಜಿ ತುಂಬೋಕೆ ತೊಡಕು ಪಡೋರಿಗೆ ಹತ್ತು ನಿಮಿಷ ಕೂತು ಸಹಾಯ ಮಾಡಿ.

ಬೆಲೆ ಕೇಳೋ ಮುಂಚೆ

ಕೊನೆಯ ಲೆಕ್ಕ. 1.2 ಮೀಟರ್ ಅಗಲ, 1.8 ಮೀಟರ್ ಉದ್ದದ ಕೌದಿಗೆ ಅದೇ ಸೂತ್ರದಲ್ಲಿ 86.4 ಮೀಟರ್ ಸಾಲು, 8,640 ಹೊಲಿಗೆ. ನುರಿತ ಕೈ ನಿಮಿಷಕ್ಕೆ 15 ಹಾಕಿದ್ರೂ 576 ನಿಮಿಷ, ಒಂಬತ್ತೂವರೆ ಗಂಟೆಗಿಂತ ಜಾಸ್ತಿ. ತುಂಡು ಆರಿಸಿ, ಮಡಿಚಿ ಕೂರಿಸೋಕೆ ಇನ್ನೊಂದು ಆರು ಗಂಟೆ ಇಟ್ಕೊಳ್ಳಿ. ಜಾತ್ರೆಯಲ್ಲೋ ಮೇಳದಲ್ಲೋ ಅದಕ್ಕೆ 600 ರೂಪಾಯಿ ಅಂದಾಗ 'ಹಳೇ ಬಟ್ಟೆಗೆ ಇಷ್ಟಾ?' ಅಂತ ಚೌಕಾಸಿ ಮಾಡ್ತೀವಿ. ಕೇಳಿದಷ್ಟೇ ಕೊಟ್ಟರೂ ಗಂಟೆಗೆ 40 ರೂಪಾಯಿ ಬೀಳಲ್ಲ. ಒಂದು ಪುಟ್ಟ ಬೊಂತೆ ಸ್ವಂತ ಕೈಯಲ್ಲಿ ಹೊಲಿದವರು ಆಮೇಲೆ ಹಾಗೆ ಚೌಕಾಸಿ ಮಾಡೋದು ಕಷ್ಟ.

ಈ ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲೆ, ಟ್ರಂಕಿನೊಳಗೆ ಹುಡುಕಿ ನೋಡಿ. ಬೊಂತೆ ಸಿಕ್ಕಿದ್ರೆ ಹೊಲಿದವರ ಹತ್ರ ಕೂತು ಕೇಳಿ: ಈ ತುಂಡು ಯಾರ ಸೀರೆ, ಈ ಮಡಿಕೆಗೆ ಏನಂತೀರಿ, ಈ ಹೊಲಿಗೆಗೆ ಏನು ಹೆಸರು? ಮಿರ್ಲೆಯ ಮಾತು ಹುಣಸೂರಿಗೆ, ಪಿರಿಯಾಪಟ್ಟಣದ ಮಾತು ಕೋಟೆಗೆ ಬೇರೆ ಇರಬಹುದು. ಆ ಪದಗಳನ್ನ ಊರಿನ ಹೆಸರಿನ ಜೊತೆ ಬರೆದು ಕನ್ನಡ ಸಂಘಕ್ಕೆ ತಂದುಕೊಡಿ, ಮುಂದಿನ ಸಂಚಿಕೆಗೆ ಒಂದು ಪಟ್ಟಿ ಮಾಡೋಣ. ಸೂಜಿ ದಾರ ಹಾಸ್ಟೆಲಿಗೂ ತನ್ನಿ. ಕಿತ್ತುಹೋದ ಗುಂಡಿಯಿಂದಲೇ ಶುರುಮಾಡಬಹುದು.